ಮಗುಚಿಟ್ಟ ಹರಿಗೋಲಿನ ಒಳಗುಟ್ಟು

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋಗಿಬಂದವರಿಗೆ ಈ ಕಥೆ ಗೊತ್ತು. ಕಾವೇರಿಯಲ್ಲಿ ಮೀಯುವಾಗ ಸೀತೆಯ ಮೂಗುತಿಯ ಮುತ್ತು ನೀರುಪಾಲಾಯಿತು. ಹನುಮಂತ ಬಾಲ ಇಳಿಬಿಟ್ಟು ಹೊಳೆಯನ್ನೇ ಕಡೆದು ಅದನ್ನು ಎತ್ತಿಕೊಟ್ಟ, ಮುತ್ತೆತ್ತರಾಯನಾದ. ಕಥೆ ಹೇಗೂ ಇರಲಿ, ಅಲ್ಲಿನ ಸುಳಿಗಳು ಮಾತ್ರ ಸುಳ್ಳಲ್ಲ. ಪ್ರವಾಸಕ್ಕೆಂದು ಬಂದು ನೀರಿಗಿಳಿದ ಎಷ್ಟೋ ಹುಡುಗರು, ಕಾಲೇಜು ವಿದ್ಯಾರ್ಥಿಗಳೂ ಸೇರಿ, ಇಲ್ಲಿಂದ ಮನೆಗೆ ಮರಳಿಲ್ಲ.

ಇಂಥ ಹೊಳೆಯನ್ನು ಜನ ತಲೆತಲಾಂತರದಿಂದ ಒಂದು ಬಿದಿರು ಬುಟ್ಟಿಯನ್ನು ನಂಬಿ ದಾಟಿದ್ದಾರೆ ಎಂದರೆ ಅಚ್ಚರಿಯಲ್ಲವೆ? ಅದೇ ಹರಿಗೋಲು. ಮಂಡ್ಯ, ಮೈಸೂರಿನ ಕಡೆ ಇದನ್ನೇ ತೆಪ್ಪ ಎನ್ನುವವರೂ ಉಂಟು. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಅಂಬಿಗ ಹುಟ್ಟು ಹಾಕಿದ ದಿಕ್ಕೇ ಮುಂದು!

ಹರಿಗೋಲು ನಮ್ಮೊಬ್ಬರದೇ ಸೊತ್ತಲ್ಲ. ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡನೆಯ ತೊಗಲು ದೋಣಿಗಳ ಬಗ್ಗೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ದೋಣಿಯಲ್ಲಿ ಒಂದು ಕತ್ತೆಯೂ ಇರುತ್ತಿತ್ತಂತೆ. ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಅಲ್ಲೇ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ವ್ಯಾಪಾರಿಗಳು ನಡೆದು ಊರಿಗೆ ಮರಳುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಒಳಗೆ ಬೆತ್ತ, ಹೊರಗೆ ತೊಗಲು ಇರುವ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟ. ಅವುಗಳಲ್ಲಿ 15-20 ಜನ ಹೊಳೆ ದಾಟುತ್ತಿದ್ದರೆಂದು ಅವನ ಲೆಕ್ಕ.

ಕಟ್ಟುವ ಬಗೆ ನೋಡಲು ಸರಳ. ಬಿದಿರನ್ನು ಸೀಳಿ, ದಬ್ಬೆಗಳನ್ನು ನೆಲದ ಮೇಲೆ ಹರಡಿ ತಳ ಹೆಣೆಯುತ್ತಾರೆ. ನಡುವೆ ಭಾರ ಹೇರಿ ತುದಿಗಳನ್ನು ಮೇಲಕ್ಕೆ ಬಾಗಿಸುತ್ತಾರೆ. ಅಂಚಿಗೆ ದಬ್ಬೆಗಳ ದಪ್ಪ ಸುತ್ತು ಕಟ್ಟಿ ಬಿಗಿ ಮಾಡುತ್ತಾರೆ. ಹೊರಮೈಗೆ ಹಿಂದೆ ಎಮ್ಮೆ, ದನಗಳ ತೊಗಲಿತ್ತು. ತೊಗಲು ದುಬಾರಿಯಾದ ಮೇಲೆ ಹೊಲಿದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು ಬಂತು.

ಹಳೆಯ ಹರಿಗೋಲನ್ನು ದುರಸ್ತಿ ಮಾಡುವುದು ಹೊಸದನ್ನು ಕಟ್ಟುವುದಕ್ಕಿಂತ ಸೂಕ್ಷ್ಮದ ಕೆಲಸ. ನೋಡುವವರ ಕಣ್ಣು ಹೊರಗಿನ ಡಾಂಬರಿನ ಮೇಲೆ. ಹೊರಗೆ ತೂತು ಬಿದ್ದರೆ ನೀರು ಒಳಬಂದು ತಾನೇ ಹೇಳುತ್ತದೆ. ಒಳಗಿನ ಬಿದಿರು ಹಾಗಲ್ಲ, ಸದ್ದಿಲ್ಲದೆ ಕೆಡುತ್ತದೆ. ಜನರ ಕಾಲಿನ ಮರಳು, ತುಳುಕಿದ ನೀರು ತಳದ ಹೆಣಿಗೆಯ ಸಂದಿಗಳಲ್ಲಿ ನಿಂತು ಅಲ್ಲೇ ಕೊಳೆ ಶುರುವಾಗುತ್ತದೆ. ಒಣಗಿದ ಕಡೆ ಕುಟ್ಟೆಹುಳು ಕೊರೆಯುತ್ತದೆ. ಬಿದಿರಿನಲ್ಲಿರುವ ಪಿಷ್ಟವೇ ಅದಕ್ಕೆ ಊಟ. ಆದ್ದರಿಂದ ಮೊದಲು ಹರಿಗೋಲನ್ನು ದಡಕ್ಕೆಳೆದು, ಕಸ ಮರಳು ತೆಗೆದು, ಮಗುಚಿ ಒಣಗಿಸಬೇಕು. ಹಳೆಯ ಹೊದಿಕೆಯನ್ನು ಕಿತ್ತು ದಬ್ಬೆ ದಬ್ಬೆಯನ್ನೂ ಒತ್ತಿ ನೋಡಬೇಕು. ಮೆತ್ತಗಾದದ್ದನ್ನು ತೆಗೆದು ಹೊಸದನ್ನು ನೇಯಬೇಕು. ಇಷ್ಟಾದ ಮೇಲೇ ಹೊಸ ಹೊದಿಕೆ, ಡಾಂಬರು. ಕೊಳೆತ ಬಿದಿರಿನ ಮೇಲೆ ಡಾಂಬರು ಬಳಿದರೆ ಅದು ದುರಸ್ತಿಯಲ್ಲ, ಮೋಸ.

ಈಗ ಫೈಬರ್ ಗ್ಲಾಸ್ ಹರಿಗೋಲುಗಳೂ ಬಂದಿವೆ. ಗಾಜಿನ ನಾರಿನ ಚಾಪೆಗೆ ರಾಳ ಕುಡಿಸಿ ಅಚ್ಚಿನಲ್ಲಿ ಎರಕ ಮಾಡಿದ ಮೈ ಅದು. ಕೊಳೆಯದು, ಹುಳು ಹಿಡಿಯದು. ಆದರೆ ಬಿದಿರು ಬಂಡೆಗೆ ತಾಗಿದರೆ ಬಳುಕುತ್ತದೆ, ಫೈಬರ್ ಬಿರಿಯುತ್ತದೆ. ಬಿರುಕಿನ ಸುತ್ತ ಉಜ್ಜಿ, ತೇವ ಪೂರ್ತಿ ಆರಿಸಿ, ಹೊಸ ಚಾಪೆಯ ತುಂಡು ಇಟ್ಟು, ಗಟ್ಟಿಗೊಳಿಸುವ ದ್ರವ ಬೆರೆಸಿದ ರಾಳವನ್ನು ಪದರ ಪದರವಾಗಿ ಹಚ್ಚಬೇಕು. ತೇವ ಉಳಿದಿದ್ದರೆ ತೇಪೆ ನಿಲ್ಲದು. ರಾಳದ ವಾಸನೆ, ಉಜ್ಜಿದ ಧೂಳು ಎರಡೂ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಮುಸುಕು ಹಾಕಿ ಬಯಲಿನಲ್ಲೇ ಮಾಡುವ ಕೆಲಸ ಅದು.

ಸಮುದ್ರದ ಹಳೆಯ ಫೈಬರ್ ಹಾಯಿದೋಣಿಗಳ ಕಥೆಯೂ ಬೇರೆಯಲ್ಲ. ಹೊರಮೈ ದಶಕಗಟ್ಟಲೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಕ್ಯಾಬಿನ್ನಿನ ಒಳಗಿನ ಪ್ಲೈವುಡ್ಡು ಮಾತ್ರ ತೇವ ಕುಡಿದು ಪದರು ಪದರಾಗಿ ಬಿಡುತ್ತದೆ. ಬಲ್ಲವರು ಬಣ್ಣದ ಡಬ್ಬಿಗೆ ಕೈ ಹಾಕುವ ಮೊದಲು ಒಳಗಿನ ಹಲಗೆಗಳನ್ನು ಬಿಚ್ಚಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾರೆ. ಕಾವೇರಿಯ ಅಂಬಿಗನ ಬುದ್ಧಿಯೂ ಅದೇ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕವಿದೆ. 2 ಮೀಟರ್ ಅಡ್ಡಳತೆಯ ಹರಿಗೋಲಿನ ತಳ ಸಪಾಟಾಗಿದೆ ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು 10 ಸೆಂ.ಮೀ. ಮುಳುಗಿದರೆ 314 ಲೀಟರ್ ನೀರನ್ನು ಸರಿಸುತ್ತದೆ. ಆರ್ಕಿಮಿಡೀಸ್ ಹೇಳಿದಂತೆ ಅಷ್ಟೇ ಕಿಲೋ ಹೊರುತ್ತದೆ. ತಲಾ 60 ಕಿಲೋದ ಐವರಿಗೆ ಸಾಕು. ಹನ್ನೆರಡು ಜನ ಹತ್ತಿದರೆ ಸುಮಾರು 23 ಸೆಂ.ಮೀ. ಮುಳುಗುತ್ತದೆ. ಹರಿಗೋಲಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ, ತಳ ಬಾಗಿರುವುದರಿಂದ ನಿಜವಾಗಿ ಇನ್ನಷ್ಟು ಆಳಕ್ಕೇ ಇಳಿಯುತ್ತದೆ. ತೇಲುವುದೇನೋ ತೇಲೀತು. ಆದರೆ ಮೊಸಳೆ ಕಂಡಿತೆಂದು ಎಲ್ಲರೂ ಒಂದೇ ಕಡೆಗೆ ವಾಲಿದರೆ?

ಬಿದಿರಿನ ಸಂಕಟ ಬೇರೆಯೇ ಇದೆ. ಮುತ್ತತ್ತಿ, ಭೀಮೇಶ್ವರಿಗಳ ಸುತ್ತಿನ ಕಾಡು 1987ರಲ್ಲಿ ಕಾವೇರಿ ವನ್ಯಧಾಮಕ್ಕೆ ಸೇರಿತು. ಕಾಡಿನ ಬಿದಿರಿಗೆ ಕತ್ತಿ ಹಾಕುವಂತಿಲ್ಲ. ಆನೆಗೂ ಬಿದಿರು ಬೇಕಲ್ಲ, ಅದು ಸರಿಯೇ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಕಾಡಿನ ಹೊರಗೆ ಬೆಳೆದ ಬಿದಿರು 'ಮರ'ದ ಪಟ್ಟಿಯಿಂದ ಹೊರಬಂತು. ಶಿಂಷೆಯ ದಡದ ಮದ್ದೂರು, ಮಳವಳ್ಳಿಗಳ ರೈತ ಬದುವಿನಲ್ಲಿ ಬಿದಿರು ಬೆಳೆದರೆ ಕಡಿದು ಮಾರಲು ಈಗ ಅಷ್ಟು ತೊಡಕಿಲ್ಲ. ಬುಟ್ಟಿ, ಮೊರ ಹೆಣೆದು ಬದುಕುವ ಮೇದರಿಗೂ ಇದರಿಂದ ಅನುಕೂಲ.

ಮಕ್ಕಳೊಂದಿಗೆ ಹೊಳೆಗೆ ಹೋದಾಗ ದರ ಕೇಳುವ ಮೊದಲು ಹರಿಗೋಲಿನೊಳಗೆ ಇಣುಕಿ ನೋಡಿ. ತಳದಲ್ಲಿ ನೀರು ನಿಂತಿದೆಯೆ? ಕಾಲಿಟ್ಟರೆ ದಬ್ಬೆ ಕುಸಿಯುತ್ತದೆಯೆ? ಅಂಚಿನ ಕಟ್ಟು ಸಡಿಲವೆ? ತಲೆಗೊಂದರಂತೆ ಲೈಫ್ ಜಾಕೆಟ್ ಇದೆಯೆ? ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರಲು ಹೆಚ್ಚು ಹೊತ್ತು ಬೇಡ. 'ಇವತ್ತು ಬೇಡ ಸ್ವಾಮಿ, ನೀರು ಜಾಸ್ತಿ ಐತೆ' ಎಂದು ಅಂಬಿಗ ಹೇಳಿದರೆ ಚೌಕಾಸಿ ಮಾಡದೆ ದಡದಲ್ಲೇ ಕುಳಿತು ಬುತ್ತಿ ಬಿಚ್ಚಿ.