ಹಾರುವ ಮಾದರಿ ವಿಮಾನದಲ್ಲಿ ಎಷ್ಟು ವೋಲ್ಟ್ ಉಳಿದಿದೆ?

ರಿಮೋಟ್‌ನಿಂದ ಹಾರಿಸುವ ವಿದ್ಯುತ್ ಮಾದರಿ ವಿಮಾನದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬ್ಯಾಟರಿ. ಮೋಟರ್ ತಿರುಗಬೇಕಾದರೂ ಅದೇ, ರಿಸೀವರ್ ಕೇಳಬೇಕಾದರೂ ಅದೇ, ರೆಕ್ಕೆ-ಬಾಲದ ಸರ್ವೋಗಳು ಆಡಬೇಕಾದರೂ ಅದೇ. ಮೋಟರ್ ನಿಂತರೆ ವಿಮಾನವನ್ನು ತೇಲಿಸಿಕೊಂಡು ಇಳಿಸಬಹುದು. ರಿಸೀವರ್ ನಿಂತರೆ ಕೆಳಗೆ ನಿಂತವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಹಾರಾಟ ನಡೆದಿರುವಾಗಲೇ ವೋಲ್ಟೇಜಿನ ಮೇಲೆ ಕಣ್ಣಿಡಬೇಕಾಗುತ್ತದೆ.

ಕಲಬುರಗಿಯ ಕುಸನೂರದಂಥ ತೊಗರಿ ನಾಡಿನಲ್ಲಿ ಇದರ ಬೆಲೆ ಬೇಗ ತಿಳಿಯುತ್ತದೆ. ಎದೆಮಟ್ಟ ಬೆಳೆದ ತೊಗರಿಯೊಳಗೆ ಬಿದ್ದ ವಿಮಾನ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ರಾಶಿ ಮುಗಿದ ಹೊಲದಲ್ಲಿ ಕಾಣುತ್ತದೆ, ಆದರೆ ಕೊಯ್ದುಳಿದ ಕೂಳೆಯ ಮೊನೆ ಥರ್ಮಾಕೋಲ್ ರೆಕ್ಕೆಯನ್ನು ತೂತು ಮಾಡಿರುತ್ತದೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಲಿಥಿಯಂ ಪಾಲಿಮರ್, ಅಂದರೆ ಲಿಪೊ ಬ್ಯಾಟರಿ. ಇದರ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತೋರಿಸುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಮೂರು ಸೆಲ್‌ಗಳ ಪ್ಯಾಕ್ ತುಂಬಿದಾಗ 12.6 ವೋಲ್ಟ್. ಎಲ್ಲರೂ ನೋಡುವುದು ಈ ಒಟ್ಟು ಮೊತ್ತವನ್ನೇ, ಮೋಸವಾಗುವುದೂ ಇಲ್ಲೇ. ಪ್ಯಾಕ್ 11.1 ತೋರಿಸುತ್ತಿದ್ದರೆ ಮೂರೂ ಸೆಲ್ 3.7 ಇರಬಹುದು, ಎರಡು 3.9 ಇದ್ದು ಮೂರನೆಯದು 3.3ಕ್ಕೆ ಸೋತಿರಲೂಬಹುದು. ಎರಡನೆಯ ಪ್ಯಾಕ್ ಇನ್ನೊಂದು ಸುತ್ತನ್ನೂ ತಾಳಲಾರದು. ನೋಡಬೇಕಾದದ್ದು ಎಲ್ಲಕ್ಕಿಂತ ದುರ್ಬಲವಾದ ಸೆಲ್ಲನ್ನು.

ಇನ್ನೊಂದು ಸಂಗತಿ ಭಾರದ್ದು. ನೆಲದ ಮೇಲೆ ಸುಮ್ಮನಿರುವ ಬ್ಯಾಟರಿಯ ವೋಲ್ಟೇಜೇ ಬೇರೆ, ಥ್ರಾಟಲ್ ಪೂರ್ತಿ ಎತ್ತಿದಾಗಿನದೇ ಬೇರೆ. ಪ್ರತಿ ಸೆಲ್‌ನ ಒಳಗೂ ಅಷ್ಟಿಷ್ಟು ವಿದ್ಯುತ್ ತಡೆ ಇರುತ್ತದೆ. ಸೆಲ್ಲಿಗೆ 6 ಮಿಲಿಓಮ್‌ನಂತೆ ಮೂರಕ್ಕೆ 18 ಮಿಲಿಓಮ್ ಎಂದಿಟ್ಟುಕೊಂಡರೆ, 25 ಆಂಪಿಯರ್ ಎಳೆದಾಗ 0.45 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಥ್ರಾಟಲ್ ಇಳಿಸಿದರೆ ಅದು ಮರಳುತ್ತದೆ. ಬ್ಯಾಟರಿ ಹಳೆಯದಾದಷ್ಟೂ ಈ ತಡೆ ಏರುತ್ತದೆ, ಕುಸಿತವೂ ಏರುತ್ತದೆ. ಹಾಗಾಗಿ ಹೊರಡುವ ಮುನ್ನ ಮೀಟರ್ ಹಿಡಿದು ನೋಡಿದ ಅಂಕಿಯನ್ನೇ ನಂಬಿ ಹಾರಿಸುವುದು ಸರಿಯಲ್ಲ.

ಅತಿ ಅಗ್ಗದ ಕಾವಲುಗಾರ ಬಜರ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಈ ಫಲಕವನ್ನು ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಮೂರು ಸೆಲ್‌ನ ಪ್ಲಗ್‌ನಲ್ಲಿ ನಾಲ್ಕು ತಂತಿ. ಫಲಕದ ಕೆಂಪು ಅಂಕಿಗಳು ಮೊದಲು ಒಟ್ಟು ವೋಲ್ಟೇಜನ್ನೂ ಆಮೇಲೆ ಒಂದೊಂದೇ ಸೆಲ್‌ನದನ್ನೂ ತೋರಿಸುತ್ತ ಹೋಗುತ್ತವೆ. ಯಾವ ಸೆಲ್ ನಿಗದಿತ ಮಿತಿಗಿಂತ ಇಳಿದರೂ ಕಿವಿ ಚುಚ್ಚುವಂತೆ ಕೂಗುತ್ತದೆ. ಮಿತಿಯನ್ನು 3.3ರಲ್ಲೇ ಬಿಡದೆ 3.5ರ ಆಸುಪಾಸಿಗೆ ಏರಿಸಿಕೊಂಡರೆ ಇಳಿಸಲು ಸಾಕಷ್ಟು ಸಮಯ ಸಿಗುತ್ತದೆ. ವಿಮಾನ ಬೆಳೆಯೊಳಗೆ ಬಿದ್ದು ಪ್ಲಗ್ ಕಳಚದೆ ಉಳಿದಿದ್ದರೆ ಇದೇ ಕೂಗು ದಾರಿ ತೋರಿಸುತ್ತದೆ. ಮನೆಗೆ ಬಂದ ಮೇಲೆ ಮಾತ್ರ ಬಜರನ್ನು ಮರೆಯದೆ ಕೀಳಬೇಕು. ಹಾಗೇ ಬಿಟ್ಟರೆ ಅದೇ ಬ್ಯಾಟರಿಯನ್ನು ಹೀರುತ್ತದೆ.

ದೂರ ಹೋದ ವಿಮಾನದ ಬಜರ್ ಕೇಳಿಸುವುದಿಲ್ಲ. ಅಲ್ಲಿಗೆ ಬೇಕಾದದ್ದು ಟೆಲಿಮೆಟ್ರಿ: ರಿಸೀವರ್ ತಾನೇ ವೋಲ್ಟೇಜನ್ನು ರಿಮೋಟಿಗೆ ಮರಳಿ ಕಳಿಸುತ್ತದೆ. ಮಿತಿ ದಾಟಿದಾಗ ರಿಮೋಟ್ ನಡುಗುತ್ತದೆ ಅಥವಾ ಅಂಕಿಯನ್ನೇ ಬಾಯಿಬಿಟ್ಟು ಹೇಳುತ್ತದೆ. ಕ್ಷಣಿಕ ಕುಸಿತಕ್ಕೆಲ್ಲ ಕೂಗದಂತೆ ಎರಡು-ಮೂರು ಸೆಕೆಂಡು ತಡೆದು ಎಚ್ಚರಿಸುವಂತೆ ಹೊಂದಿಸುವುದು ಜಾಣತನ.

ಏನೂ ಇಲ್ಲದವರಿಗೆ ಗಡಿಯಾರವಿದೆ. 2200 ಎಂಎಎಚ್ ಬ್ಯಾಟರಿಯಲ್ಲಿ 4 ನಿಮಿಷ ಹಾರಿಸಿ ಇಳಿಸಿ, ಮತ್ತೆ ತುಂಬುವಾಗ ಚಾರ್ಜರ್ 1100 ಎಂಎಎಚ್ ತೋರಿಸಿದರೆ ನಿಮಿಷಕ್ಕೆ 275 ಖರ್ಚಾಗಿದೆ ಎಂದಾಯಿತು. ಶೇ 80ರಷ್ಟನ್ನು ಮಾತ್ರ ಬಳಸುವುದು ಹವ್ಯಾಸಿಗಳ ರೂಢಿ. ಆ ಲೆಕ್ಕಕ್ಕೆ 6 ನಿಮಿಷಕ್ಕೆ ಟೈಮರ್ ಇಡಬಹುದು.

ಮೋಟರಿನ ವೇಗ ನಿಯಂತ್ರಕದಲ್ಲೂ ಒಂದು ಕಟ್ಟಕಡೆಯ ತಡೆ ಇದೆ. ವೋಲ್ಟೇಜ್ ಕುಸಿದಾಗ ಅದು ಮೋಟರನ್ನು ನಿಲ್ಲಿಸಿ, ಉಳಿದ ಶಕ್ತಿಯನ್ನು ರಿಸೀವರಿಗೂ ಸರ್ವೋಗಳಿಗೂ ಬಿಡುತ್ತದೆ. ಆದರೆ ಅದು ಒಟ್ಟು ಮೊತ್ತವನ್ನು ನೋಡುತ್ತದೆಯೇ ಹೊರತು ಸೋತ ಸೆಲ್ಲನ್ನಲ್ಲ. ಎಂಜಿನ್ ವಿಮಾನಗಳಲ್ಲಿ ರಿಸೀವರಿಗೆ ಪ್ರತ್ಯೇಕ ಬ್ಯಾಟರಿ ಇರುತ್ತದೆ. ಅದು ನಾಲ್ಕು ಸೆಲ್‌ನ 4.8 ವೋಲ್ಟ್ ನಿಕಲ್ ಪ್ಯಾಕ್ ಆಗಿದ್ದರೆ ವೋಲ್ಟೇಜ್ ಬಹುಹೊತ್ತು ಸಮತಟ್ಟಾಗಿ ಸಾಗಿ ಕೊನೆಗೆ ದಿಢೀರನೆ ಬೀಳುತ್ತದೆ. ಅಂಥದನ್ನು ಭಾರ ಹೊರಿಸಿಯೇ ಪರೀಕ್ಷಿಸಬೇಕು. ಎಲ್ಲ ಸರ್ವೋಗಳನ್ನೂ ಒಟ್ಟಿಗೆ ಆಡಿಸುತ್ತ ಮೀಟರ್ ನೋಡುವುದು ಸುಲಭದ ದಾರಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಲ್ಲಿ ಲಿಪೊವನ್ನು ಮುಚ್ಚಿದ ಕಾರಿನೊಳಗೆ ಬಿಡಬಾರದು. ಪೂರ್ತಿ ತುಂಬಿ ದಿನಗಟ್ಟಲೆ ಇಟ್ಟರೂ ಅದು ಊದಿಕೊಳ್ಳುತ್ತದೆ, ಸೆಲ್ಲಿಗೆ 3.8 ವೋಲ್ಟಿನಷ್ಟಿಟ್ಟು ತಂಪಾದ ಜಾಗದಲ್ಲಿ ಇಡುವುದು ಒಳ್ಳೆಯದು.

ಹಾರಿಸುವ ಜಾಗವನ್ನೂ ನೋಡಿಕೊಳ್ಳಬೇಕು. ಸೇಡಂ ರಸ್ತೆಯ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾಯಿತು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಂಡಿವೆ. ಅವುಗಳ ಪ್ರಕಾರ ನಿಲ್ದಾಣದ ಎಲ್ಲೆಯಿಂದ 5ರಿಂದ 8 ಕಿ.ಮೀ. ದೂರದಲ್ಲಿ ಹಾರಿಸಲು ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. 8ರಿಂದ 12 ಕಿ.ಮೀ. ನಡುವೆ ಅನುಮತಿಯಿಲ್ಲದೆ ಹಾರಿಸಬಹುದಾದ ಎತ್ತರ 200 ಅಡಿ. ಬ್ಯಾಟರಿ ಜೋಡಿಸುವ ಮೊದಲೇ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಹೊಲ ಯಾವ ವಲಯದಲ್ಲಿದೆ ಎಂದು ಹವ್ಯಾಸಿಗಳು ನೋಡಿಕೊಳ್ಳಲಿ.