ಹಾರ್ಮೋನಿಯಮ್ಮಿನ ಬೇಡದ ಸದ್ದುಗಳು

ನಮ್ಮ ವಾಚನಾಲಯದ ಹಾರ್ಮೋನಿಯಂ ಕಳೆದ ಮಳೆಗಾಲದಲ್ಲಿ ಒಂದು ಹಟ ಹಿಡಿಯಿತು. ಭಜನೆ ಮುಗಿದರೂ, ಯಾರೂ ಮುಟ್ಟದ ಸ್ವರವೊಂದು ಕುಂಯ್ ಎಂದು ಅಳುತ್ತಲೇ ಇರುವುದು. ಹೊಸದನ್ನೇ ಕೊಳ್ಳೋಣವೆಂದರು ಕೆಲವು ಸದಸ್ಯರು. ಕೊಂಡರೆ ಪತ್ರಿಕೆಗಳ ಚಂದಾಹಣಕ್ಕೆ ಕೈಹಾಕಬೇಕು. ಆದ್ದರಿಂದ ಮೊದಲು ಮುಚ್ಚಳ ಬಿಚ್ಚಿ ನೋಡಿದೆವು.

ಪೆಟ್ಟಿಗೆಯ ಒಳಗುಟ್ಟು ಸರಳವಾದುದು. ತಿದಿ ಒತ್ತಿದಾಗ ಒಳಗೆ ಗಾಳಿ ತುಂಬುತ್ತದೆ. ಬೆರಳಿಡುವ ಪ್ರತಿಯೊಂದು ಪಟ್ಟಿಯ ಹಿಂತುದಿಯೂ ಚರ್ಮದ ಹೊದಿಕೆಯಿಂದ ಒಂದು ರಂಧ್ರವನ್ನು ಮುಚ್ಚಿಕೊಂಡಿರುತ್ತದೆ. ಪಟ್ಟಿ ಒತ್ತಿದರೆ ಹಿಂತುದಿ ಏಳುತ್ತದೆ. ಗಾಳಿ ಆ ರಂಧ್ರದಿಂದ ಹೊರನುಗ್ಗುವಾಗ ಅದರಡಿಯ ಹಿತ್ತಾಳೆಯ ನಾಲಿಗೆ ಅದುರಿ ಸ್ವರ ಹೊರಡುತ್ತದೆ.

ಹಾಗಾದರೆ ಮುಟ್ಟದ ಸ್ವರ ಕೂಗುವುದೆಂದರೆ ಅದರ ರಂಧ್ರ ಪೂರ್ತಿ ಮುಚ್ಚಿಲ್ಲವೆಂದೇ ಅರ್ಥ. ಆ ಪಟ್ಟಿಯ ಹಿಂತುದಿಯನ್ನು ಬೆರಳಿನಿಂದ ಅದುಮಿ ನೋಡಿ. ಸದ್ದು ನಿಂತರೆ ಸ್ಪ್ರಿಂಗು ಸೋತಿರಬೇಕು, ಇಲ್ಲವೆ ಮರ ಉಬ್ಬಿ ಪಕ್ಕದ ಪಟ್ಟಿಗೆ ತಾಗುತ್ತಿರಬೇಕು. ಅದುಮಿದರೂ ನಿಲ್ಲದಿದ್ದರೆ ಚರ್ಮದಡಿ ಕಸ ಕೂತಿದೆ. ಪಟ್ಟಿಯನ್ನೆತ್ತಿ ಒಣ ಕುಂಚದಿಂದ ಒರೆಸಬೇಕು. ನಮ್ಮದು ಮರ ಉಬ್ಬಿದ್ದು. ನಯವಾದ ಉಪ್ಪುಕಾಗದದಿಂದ ಎರಡೇ ಸಲ ಉಜ್ಜಿದ್ದಕ್ಕೆ ಅಳು ನಿಂತಿತು. ಹೆಚ್ಚು ಉಜ್ಜಬಾರದು, ಮುಂಬಯಿಯ ಮಳೆಗೆ ಉಬ್ಬಿದ ಮರ ಚಳಿಗಾಲಕ್ಕೆ ಕುಗ್ಗುತ್ತದೆ, ಆಗ ಪಟ್ಟಿ ಸಡಿಲವಾಗಿ ಕಟಕಟ ಎನ್ನುವುದು.

ಎಣ್ಣೆಯನ್ನಂತೂ ಹಾಕಲೇಬೇಡಿ. ಹಿಂದೊಮ್ಮೆ ನಾನೇ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟು ಜಾಣನೆನಿಸಿಕೊಂಡಿದ್ದೆ. ತಿಂಗಳೊಳಗೆ ಧೂಳು ಅಂಟಿ ನಾಲ್ಕು ಪಟ್ಟಿಗಳು ಒತ್ತಿದಲ್ಲೇ ಕೂತುಬಿಟ್ಟವು.

ಬುಸ್ಸೆಂದು ಗಾಳಿ ಸೋರುತ್ತಿದ್ದರೆ ತಿದಿಯ ಮಡಿಕೆಗಳ ಬಳಿ ಊದುಬತ್ತಿ ಹಿಡಿಯಿರಿ, ಸುಡದಷ್ಟು ದೂರದಲ್ಲಿ. ಹೊಗೆ ಚೆದರಿದ ಕಡೆ ತೆಳು ಚರ್ಮದ ತೇಪೆ ಅಂಟಿಸಿದರಾಯಿತು.

ಒಂದೇ ಸ್ವರ ಜಿರ್ರೆನ್ನುವುದಾದರೆ ನಾಲಿಗೆಗೂ ಅದರ ಚೌಕಟ್ಟಿಗೂ ನಡುವೆ ನೂಲೆಳೆ ಸಿಕ್ಕಿರಬಹುದು. ತೆಳುವಾದ ಕಾಗದವನ್ನು ಮೆಲ್ಲನೆ ತೂರಿಸಿ ತೆಗೆದರೆ ಸಾಕು. ಚಾಕುವಿನಿಂದ ಕೆರೆಯಬೇಡಿ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೋದ ಹಿತ್ತಾಳೆ ಮತ್ತೆ ಬಾರದು. ಶ್ರುತಿ ಕೂಡಿಸುವುದು ಬಲ್ಲವರ ಕೆಲಸ.

ನಾಲಿಗೆಯ ಮೇಲೆ ತಪ್ಪು ಹೊರಿಸುವ ಮೊದಲು ಪೆಟ್ಟಿಗೆಯನ್ನು ಬೇರೆ ಕೋಣೆಗೊಯ್ದು ಅದೇ ಸ್ವರ ನುಡಿಸಿ ನೋಡಿ. ಕೆಳಗಿನ ಪಂಚಮ ಜಿರ್ರೆನ್ನುತ್ತದೆಂದು ನಾವು ಎರಡು ವಾರ ಬಿಚ್ಚಿ ಕಟ್ಟಿದೆವು. ಕಡೆಗೆ ನೋಡಿದರೆ ಅದುರುತ್ತಿದ್ದುದು ಗೋಡೆಯ ಮೇಲಿನ ಪಟದ ಗಾಜು!

ಈಗ ಉಳಿದಿರುವುದು ಮೇಲಿನ ಸಪ್ತಕದ ಒಂದು ಕರಿ ಪಟ್ಟಿ. ಅದರ ನಾಲಿಗೆ ಬುಡದಲ್ಲಿ ಬಿರಿದಿದೆ, ಹೊಸದನ್ನೇ ಹಾಕಿಸಬೇಕು. ಅಲ್ಲಿಯವರೆಗೆ ನುಡಿಸುವವರು ಆ ಪಟ್ಟಿಯನ್ನು ಒತ್ತದಿರಬೇಕೆಂದು ವಿನಂತಿ.