ಕಾರಿನ ಅಡಿಯಲ್ಲೊಂದು ಅರ್ಥಿಂಗ್ ತಂತಿ: ಕತ್ತರಿಸಿದರೆ ನಷ್ಟವೇನು?

ಹಾಸನ: ಹೊಳೆನರಸೀಪುರ ರಸ್ತೆಯಲ್ಲಿ ಮೊಸಳೆಯತ್ತ ಸಾಗುವ ಯಾವುದೇ ಕಾರಿನ ಚಕ್ರ ಉರುಳಿದಷ್ಟು ಹೊತ್ತೂ ಅಲ್ಪ ಪ್ರಮಾಣದಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತಲೇ ಇರುತ್ತದೆ. ಟೈರು ಡಾಂಬರಿಗೆ ತಾಗಿ ಬಿಡುವುದೇ ಇದಕ್ಕೆ ಕಾರಣ. ಒಣಹವೆಯ ದಿನಗಳಲ್ಲಿ ಇದು ಹೆಚ್ಚು, ಮಳೆಗಾಲದಲ್ಲಿ ಇಲ್ಲವೆಂಬಷ್ಟು ಕಡಿಮೆ.

ಕೆಲವು ಕಾರುಗಳ ಸಸ್ಪೆನ್ಷನ್ ಭಾಗದಿಂದ ಬಾಡಿಗೆ ಬಿಗಿದಿರುವ ತಾಮ್ರದ ಹೆಣಿಗೆ ತಂತಿ ಇರುವುದು ಈ ವಿದ್ಯುತ್ತಿಗಾಗಿ. ರಿಪೇರಿಯ ವೇಳೆ 'ಇದೇನೂ ಬೇಕಿಲ್ಲ' ಎಂದು ಅದನ್ನು ಕತ್ತರಿಸಿ ಬಿಸಾಡುವುದುಂಟು. ಕಾರು ಆಮೇಲೂ ಎಂದಿನಂತೆ ಓಡುವುದರಿಂದ ಆ ಮಾತು ನಿಜವೆಂದೇ ತೋರುತ್ತದೆ.

ಕಾರಿನ ಇಡೀ ಲೋಹದ ಬಾಡಿ ಬ್ಯಾಟರಿಯ ಋಣ ತುದಿಗೆ ಸೇರಿರುತ್ತದೆ. ಸಸ್ಪೆನ್ಷನ್ ತೋಳುಗಳು ಮಾತ್ರ ರಬ್ಬರ್ ಬುಷ್‌ಗಳ ಮೇಲೆ ಕುಳಿತಿರುತ್ತವೆ. ಕುಲುಕಾಟ ತಡೆಯುವ ರಬ್ಬರ್ ವಿದ್ಯುತ್ತನ್ನೂ ತಡೆಯುತ್ತದೆ. ಚಕ್ರದ ಬೇರಿಂಗ್‌ನೊಳಗಿನ ಗ್ರೀಸ್ ಪದರವೂ ಅಷ್ಟೇ. ಹೀಗಾಗಿ ಚಕ್ರದ ಬಳಿ ಶೇಖರವಾದ ವಿದ್ಯುದಂಶ ದಾರಿ ಕಾಣದೆ, ತಡೆಯನ್ನು ಹಾರಿ ಸಣ್ಣ ಕಿಡಿಗಳಾಗಿ ಹೊರಬೀಳುತ್ತದೆ. ಕಣ್ಣಿಗೆ ಕಾಣದ ಈ ಕಿಡಿ ಕಿವಿಗೆ ಕೇಳಿಸುತ್ತದೆ. 612 ಕಿಲೋಹರ್ಟ್ಸ್ ಎಂದೊಡನೆ ಬೆಂಗಳೂರು ಆಕಾಶವಾಣಿಯನ್ನು ನೆನೆಯುವ ಹಿರಿಯ ಕೇಳುಗರಿಗೆ ಕಾರಿನ ರೇಡಿಯೊದ ಆ ಚಟಪಟ ಸದ್ದು ಹೊಸದೇನಲ್ಲ. ಹಳೆಯ ಕಾರುಗಳಲ್ಲಿ ಇದನ್ನು ತಗ್ಗಿಸಲೆಂದೇ ಮುಂಚಕ್ರದ ಹಬ್ ಮುಚ್ಚಳದೊಳಗೆ ಪುಟ್ಟ ಸ್ಪ್ರಿಂಗ್ ಇಡುತ್ತಿದ್ದರು.

ಟೈರಿನ ಕಥೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಟೈರಿಗೆ ಕಪ್ಪು ಬಣ್ಣ ಕೊಡುವ ಇಂಗಾಲದ ಪುಡಿ ವಿದ್ಯುತ್ತನ್ನು ಅಷ್ಟಿಷ್ಟು ನೆಲಕ್ಕೆ ಹರಿಸುತ್ತದೆ. 1992ರಲ್ಲಿ ಮಿಶೆಲಿನ್ ಕಂಪೆನಿ ಇಂಧನ ಉಳಿತಾಯಕ್ಕಾಗಿ ಸಿಲಿಕಾ ಬೆರೆಸಿದ ಟೈರು ತಂದಿತು. ಸಿಲಿಕಾ ವಿದ್ಯುತ್ತನ್ನು ಹರಿಯಗೊಡದು. ಆದ್ದರಿಂದ ಇಂತಹ ಅನೇಕ ಟೈರುಗಳ ನಡುವೆ ಇಂಗಾಲದ ಒಂದು ತೆಳು ಪಟ್ಟಿಯನ್ನು ಪ್ರತ್ಯೇಕವಾಗಿ ಹಾಯಿಸಲಾಗುತ್ತದೆ.

ಕಾರಿನಿಂದ ಇಳಿಯುವಾಗ ಬಾಗಿಲು ಮುಟ್ಟಿದೊಡನೆ ಚುರುಕ್ ಎನ್ನುವುದಕ್ಕೂ ಈ ತಂತಿಗೂ ನಂಟು ಕಲ್ಪಿಸುವವರಿದ್ದಾರೆ. ಅದು ಬಹುಮಟ್ಟಿಗೆ ತಪ್ಪು. ಅಲ್ಲಿ ವಿದ್ಯುತ್ ಹುಟ್ಟುವುದು ಬಟ್ಟೆ ಮತ್ತು ಸೀಟಿನ ನಡುವೆ. ಅದನ್ನು ಹೊತ್ತು ಇಳಿಯುವುದು ಮನುಷ್ಯನ ಮೈ. ಬಾಗಿಲಿನ ಲೋಹವನ್ನು ಹಿಡಿದುಕೊಂಡೇ ಕೆಳಗಿಳಿದರೆ ಸಾಕು. ಸಿಡಿಲಿಗೂ ಈ ತಂತಿಗೂ ಸಂಬಂಧವಿಲ್ಲ. ಅಲ್ಲಿ ಒಳಗಿನವರನ್ನು ಕಾಯುವುದು ಸುತ್ತಲಿನ ಲೋಹದ ಕವಚ.

ನಿಜವಾದ ಅಪಾಯ ಇಂಧನ ಸಾಗಣೆಯಲ್ಲಿದೆ. ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗದ ದೆಸೆಯಿಂದ ಹಾಸನ ಪೆಟ್ರೋಲಿಯಂ ವಿತರಣೆಯ ಕೇಂದ್ರವೂ ಹೌದು. ಕೊಳವೆಯಲ್ಲಿ ರಭಸದಿಂದ ಹರಿಯುವ ಪೆಟ್ರೋಲ್ ತಾನೇ ವಿದ್ಯುದಂಶ ಹೊರುತ್ತದೆ, ಆವಿಯಿರುವ ಕಡೆ ಒಂದು ಕಿಡಿ ಸಾಕು. ಆದಕಾರಣ ಟ್ಯಾಂಕರ್ ತುಂಬಿಸುವ ಮುನ್ನ ಅದಕ್ಕೆ ಅರ್ಥಿಂಗ್ ಕ್ಲಿಪ್ ಹಾಕುವುದು ಕಡ್ಡಾಯ. ಲಾರಿಯ ಹಿಂದೆ ನೆಲ ಸವರುವ ಸರಪಳಿಯನ್ನು ಒಣ ಡಾಂಬರಿನ ಮೇಲೆ ನೆಚ್ಚುವಂತಿಲ್ಲ.

ಕಾರಿನಲ್ಲಿ ಹೆಚ್ಚು ಕಾಟ ಕೊಡುವುದು ಸಸ್ಪೆನ್ಷನ್ ತಂತಿಗಿಂತ ಎಂಜಿನ್ನಿನ ಅರ್ಥಿಂಗ್ ಪಟ್ಟಿ. ಎಂಜಿನ್ ಕೂಡ ರಬ್ಬರ್ ಮೇಲೆಯೇ ಕುಳಿತಿರುವುದರಿಂದ, ಅದು ತುಂಡಾದರೆ ಸ್ಟಾರ್ಟರ್‌ನ ನೂರಾರು ಆಂಪಿಯರ್ ವಿದ್ಯುತ್ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮೂಲಕ ಮರಳಲು ಯತ್ನಿಸಿ ಅದನ್ನು ಕಾಯಿಸಿಬಿಡುತ್ತದೆ.

ಎಲೆಕ್ಟ್ರಿಕ್ ಕಾರುಗಳಲ್ಲಿ ಇಂತಹ ತಂತಿಗಳ ತೂಕವೇ ಬೇರೆ. ಅಧಿಕ ವೋಲ್ಟೇಜಿನ ಉಪಕರಣಗಳ ಹೊರಕವಚಕ್ಕೂ ಬಾಡಿಗೂ ನಡುವಿನ ತಡೆ 0.1 ಓಮ್‌ಗಿಂತ ಕಡಿಮೆ ಇರಬೇಕೆಂಬುದು ವಿಶ್ವಸಂಸ್ಥೆಯ ಆರ್-100 ನಿಯಮ. ಅಂತಹ ಕಾರಿನಲ್ಲಿ ಕಳಚಿದ ಪಟ್ಟಿಯನ್ನು ತುಕ್ಕು, ಬಣ್ಣ ಕೆರೆದು ಅದೇ ಜಾಗಕ್ಕೆ ಬಿಗಿಯದೆ ವಾಹನ ಹೊರಬಿಡಬಾರದು. ಪೆಟ್ರೋಲ್ ಕಾರಿನ ಸಸ್ಪೆನ್ಷನ್ ತಂತಿ ತುಂಡಾಗಿದ್ದರೆ ಗಾಬರಿ ಬೇಡ, ಮುಂದಿನ ಸರ್ವಿಸ್‌ನಲ್ಲಿ ಹಾಕಿಸಿದರಾಯಿತು.